ನಮ್ಮಪ್ಪ ಕಿತ್ತ ಗರಿಕೆ

“ಏನ್ಲಾ ಮಗ, ಗರಿಕೆ ನೆಡ್ತಿದ್ದೀಯಾ? ನಿಮ್ಮಪ್ಪ ಇದನ್ನ ಕಿತ್ತೂ ಕಿತ್ತೂ ಸತ್ತ!”

ದೊಡ್ಡವ್ವ ಬದುವಿನ ಮೇಲೆ ನಿಂತು ಹೀಗೆ ಕೂಗಿದಾಗ ನಾನು ಒದ್ದೆ ಮಣ್ಣಿನಲ್ಲಿ ಮಂಡಿಯೂರಿ ಕೂತಿದ್ದೆ. ಪಕ್ಕದಲ್ಲೊಂದು ಗೋಣಿಚೀಲ, ಅದರ ತುಂಬ ಮೂರು ಮೂರು ಗೆಣ್ಣಿಗೆ ಕತ್ತರಿಸಿದ ಗರಿಕೆಯ ಬಳ್ಳಿ. ಕೈಯಲ್ಲಿ ಕುರ್ಚಿಗೆ. ಆ ಕುರ್ಚಿಗೆಯೂ ಅಪ್ಪನದೇ. ಅದರ ಹಿಡಿ ಅವನ ಬೆರಳುಗಳಿಗೆ ತಕ್ಕಂತೆ ಸವೆದಿದೆ, ನನ್ನ ಬೆರಳಿಗೆ ಇನ್ನೂ ಒಗ್ಗಿಲ್ಲ. ನಲವತ್ತು ವರ್ಷ ಗರಿಕೆ ಕಿತ್ತ ಕುರ್ಚಿಗೆಯಲ್ಲೇ ಗರಿಕೆಗೆ ಗುಂಡಿ ತೋಡುತ್ತಿದ್ದ ಮಗನನ್ನು ನೋಡಿ ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗಲಿ ಬಿಡಿ. ರಾಗಿ ಸೀಮೆಯಲ್ಲಿ ಗರಿಕೆ ನೆಡುವವನೂ ಒಂದೇ, ಕಣಜದ ಇಲಿಗೆ ಹಾಲು ಇಡುವವನೂ ಒಂದೇ.

ಅಪ್ಪನಿಗೂ ಗರಿಕೆಗೂ ಇದ್ದದ್ದು ದಾಯಾದಿ ಜಗಳ. ಮಾಗಿ ಉಳುಮೆ ಮಾಡಿ ಅದರ ಬೇರನ್ನು ಬಿಸಿಲಿಗೆ ಹಾಕುತ್ತಿದ್ದ, ಹಲುಬೆ ಎಳೆದು ಗಂಟು ಗಂಟಾಗಿ ಒಟ್ಟುತ್ತಿದ್ದ. ಬದುವಿನ ಮೇಲೆ ಎಸೆದರೆ ಒಂದು ಹದ ಮಳೆಗೆ ಅಲ್ಲೇ ಬೇರೂರಿ ಮತ್ತೆ ಹೊಲಕ್ಕೆ ಇಳಿಯುತ್ತದೆ ಎಂದು ಜಾಲಿ ಬೇಲಿಯ ಮೇಲೆ ನೇತುಹಾಕುತ್ತಿದ್ದ. ಅಲ್ಲಿ ಅದು ತಿಂಗಳುಗಟ್ಟಲೆ ಒಣಗಿ ನಾರಾಗಿ, ಸತ್ತಿತೆಂದು ನಾವು ನಂಬಿದ ಮೇಲೆ, ಗಾಳಿಗೆ ಒಂದು ಎಳೆ ಕೆಳಗೆ ಬಿದ್ದು ಚಿಗುರುತ್ತಿತ್ತು. ಗರಿಕೆಗೆ ಎರಡು ದಾರಿ. ನೆಲದ ಮೇಲೆ ಹರಿಯುವ ಬಳ್ಳಿ ಒಂದು, ನೆಲದೊಳಗೆ ಓಡುವ ಕಾಂಡ ಇನ್ನೊಂದು. ಮೇಲಿನದನ್ನು ಕಿತ್ತರೆ ಒಳಗಿನದು ಇರುತ್ತದೆ, ಒಳಗಿನದನ್ನು ನೇಗಿಲು ತುಂಡರಿಸಿದರೆ ತುಂಡಿಗೊಂದು ಗಿಡವಾಗುತ್ತದೆ. ಅಪ್ಪ ಸೋತನೆಂದು ನಾನು ಹೇಳುವುದಿಲ್ಲ. ಗೆಲ್ಲಲಿಲ್ಲ, ಅಷ್ಟೆ.

ಈ ಮೂರು ಎಕರೆ ಇರುವುದು ಹುತ್ರಿದುರ್ಗದ ಕಡೆ, ಕುಣಿಗಲ್ ತಾಲ್ಲೂಕಿನಲ್ಲಿ. ನಾನು ಮೂವತ್ತು ವರ್ಷ ಪರರ ದುಡ್ಡಿನ ಲೆಕ್ಕ ಬರೆದು ನಿವೃತ್ತನಾದ ವರ್ಷವೇ ಅಕ್ಕನ ಮಗ ಬೆಂಗಳೂರಿನಿಂದ ಫೋನು ಮಾಡಿದ. ಅವನು ಮಕ್ಕಳಿಗೆ ಕುದುರೆ ಸವಾರಿ ಕಲಿಸುವವನು. “ಮಾವ, ರೇಸಿಂದ ರಿಟೈರಾದ ಎರಡು ಕುದುರೆ ಇವೆ. ನಿಮ್ಮ ಹೊಲ ಹೇಗೂ ಬೀಳು ಬಿದ್ದಿದೆಯಲ್ಲ?” ಅಂದ. ಹೀಗೆ ಮೂವರು ನಿವೃತ್ತರು ಮೂರು ಎಕರೆಯಲ್ಲಿ ಸೇರಿದೆವು. ಅವಕ್ಕೆ ರೇಸಿನಲ್ಲಿ ಉದ್ದುದ್ದ ಇಂಗ್ಲಿಷ್ ಹೆಸರುಗಳಿದ್ದವು. ಊರಿನವರು ಮೊದಲ ದಿನವೇ ಬಣ್ಣ ನೋಡಿ ಗಂಡಿಗೆ ಕೆಂಚ, ಹೆಣ್ಣಿಗೆ ಬೆಳ್ಳಿ ಅಂದರು. ಕುದುರೆಗಳೂ ಒಪ್ಪಿಕೊಂಡವು.

ಕುಣಿಗಲ್ಲಿನವರಿಗೆ ಕುದುರೆ ಹೊಸದಲ್ಲ. ಹೈದರ್ ಅಲಿ, ಟಿಪ್ಪುವಿನ ಕಾಲದಲ್ಲಿ ದಂಡಿಗೆ ಕುದುರೆ ಸಾಕಿದ ನೆಲ ಇದು. ನಾನೂರು ಎಕರೆಗೂ ಮಿಕ್ಕಿದ ಆ ಕುದುರೆ ಫಾರಂ ಆಮೇಲೆ ರೇಸಿನ ಕುದುರೆಗಳ ತವರಾಯಿತು. ಹುಡುಗರಾಗಿದ್ದಾಗ ಬಸ್ಸಿನ ಕಿಟಕಿಯಿಂದ ಅಲ್ಲಿನ ಹಸುರು ಕಂಡು, ದೇವರು ಕುದುರೆಗೆಂದೇ ಬೇರೆ ಹುಲ್ಲು ಹುಟ್ಟಿಸಿದ್ದಾನೆ ಅಂದುಕೊಂಡಿದ್ದೆ. ಮೂರು ಎಕರೆಗೆ ಸುತ್ತ ಬೇಲಿ ಹಾಕಿ ಎರಡು ಕುದುರೆ ಬಿಟ್ಟರೆ ಅದೇ ಹಸುರು ತಾನಾಗಿ ಬರುತ್ತದೆಂದು ನಂಬಿದ್ದೆ.

ಮುಂಗಾರಿನ ಮೊದಲ ಮಳೆಗೆ ಹಸುರು ಬಂತು. ನೆಲಕ್ಕೆ ಒತ್ತಿಕೊಂಡು, ಸೇವಂತಿಗೆ ಎಲೆಯ ಹಾಗೆ ಸೀಳು ಸೀಳಾಗಿ, ಕಣ್ಣಿಗೆ ತಂಪಾಗಿ ಹರಡಿತು. ನನ್ನಾಕೆಯನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿ, “ಇದು ಕಾಂಗ್ರೆಸ್ ಕಣ್ರೀ” ಅಂದು ಒಳಗೆ ಹೋದಳು.

ಪಾರ್ಥೇನಿಯಂಗೆ ನಮ್ಮ ಕಡೆ ಆ ಪಕ್ಷದ ಹೆಸರು ಹೇಗೆ ಬಂತೆನ್ನುವುದಕ್ಕೆ ಎರಡು ಕಥೆಗಳಿವೆ. ಬಿಳಿ ಹೂ ಗಾಂಧಿ ಟೋಪಿಯ ಹಾಗೆ ಕಾಣುತ್ತದೆಂದು ಒಂದು. ಕಾಂಗ್ರೆಸ್ ಸರ್ಕಾರದ ಕಾಲದಲ್ಲಿ ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತೆಂದು ಇನ್ನೊಂದು. 1950ರ ದಶಕದ ನಡುವೆ ಪುಣೆಯಲ್ಲಿ ಅದು ಕಣ್ಣಿಗೆ ಬಿತ್ತು. ಆಮೇಲೆ ದೇಶವೇ ಅದರದಾಯಿತು. ಕೇರಳದವರು ಇಂಥದೇ ಇನ್ನೊಂದು ಹಠಮಾರಿ ಗಿಡವನ್ನು ಕಮ್ಯುನಿಸ್ಟ್ ಪಚ್ಚ ಎನ್ನುತ್ತಾರೆ. ಕಳೆಗೆ ಹೆಸರಿಡುವಾಗ ಜನ ಆಳುವವರನ್ನು ನೆನೆಯುತ್ತಾರೆ ಅಂತ ಕಾಣುತ್ತದೆ. ಇದನ್ನು ನಿಯಂತ್ರಿಸಲು ನಮ್ಮ ರಾಜ್ಯದಲ್ಲಿ 1968ರ ಒಂದು ಕಾಯ್ದೆಯ ಬಲವೂ ಇದೆ. ಜಮೀನಿನಲ್ಲಿ ಬೆಳೆಯಲು ಬಿಡಬಾರದು. ಕಾಯ್ದೆಯ ವಿಷಯ ತಿಳಿಯಲು ನಾನೊಮ್ಮೆ ಒಂದು ಕಚೇರಿಗೆ ಹೋಗಿದ್ದೆ. ಆ ಕಚೇರಿಯ ಕಾಂಪೌಂಡಿನೊಳಗೆ ಅದು ಸೊಂಟದೆತ್ತರ ಹೂಬಿಟ್ಟು ನಿಂತಿತ್ತು. ಏನೂ ಕೇಳದೆ ಬಂದೆ.

ಹಸು ಎಮ್ಮೆ ಇದನ್ನು ಹೊಟ್ಟೆಗಿಲ್ಲದಿದ್ದರೆ ಮಾತ್ರ ಮುಟ್ಟುತ್ತವೆ, ಮುಟ್ಟಿದರೆ ಹಾಲು ಕಹಿ. ಕುದುರೆ ಮೂಸಿ, ಮೂಗಿನ ಹೊಳ್ಳೆ ಅರಳಿಸಿ, ಪಕ್ಕಕ್ಕೆ ಸರಿಯುತ್ತದೆ. ಒಳ್ಳೆಯದೇ ಆಯಿತಲ್ಲ ಎಂದರೆ ಹಾಗಲ್ಲ, ಕೆಡುವುದೇ ಅಲ್ಲಿ. ಕುದುರೆ ಬೇಡದ್ದನ್ನು ಬಿಟ್ಟು ಬೇಕಾದ್ದನ್ನೇ ಹುಡುಕಿ ಹುಡುಕಿ ಬುಡದವರೆಗೆ ಮೇಯುತ್ತದೆ. ಹುಲ್ಲು ಸೋಲುತ್ತದೆ, ನೆಲ ಬತ್ತಲಾಗುತ್ತದೆ, ಬತ್ತಲಾದ ನೆಲಕ್ಕೆ ಕಾಂಗ್ರೆಸ್ ಓಡಿ ಬರುತ್ತದೆ. ಒಂದು ಗಿಡ ಹದಿನೈದರಿಂದ ಇಪ್ಪತ್ತೈದು ಸಾವಿರ ಬೀಜ ಉದುರಿಸುತ್ತದೆ, ಮೊಳೆತ ತಿಂಗಳು ಒಂದೂವರೆ ತಿಂಗಳಿಗೆಲ್ಲ ಹೂವು. ಲೆಕ್ಕ ಬರೆದವನು ನಾನು, ಈ ಚಕ್ರಬಡ್ಡಿ ನನಗೆ ಬೇಗ ಅರ್ಥವಾಯಿತು. ಕೂಡುವುದು ಅದರ ಕೆಲಸ, ಕಳೆಯುವುದು ನನ್ನದು. ಕನ್ನಡದಲ್ಲಿ ಕೀಳಬೇಕಾದ ಗಿಡಕ್ಕೂ ಕಳೆ ಎನ್ನುತ್ತಾರೆ, ಮುಖದ ಕಾಂತಿಗೂ ಕಳೆ ಎನ್ನುತ್ತಾರೆ. ಆ ವರ್ಷ ಹೊಲದ ಕಳೆ ಏರಿದಷ್ಟೂ ನನ್ನ ಮುಖದ್ದು ಇಳಿಯಿತು.

ಕಿತ್ತೆ. ಮಳೆ ಬಂದ ಮಾರನೆಯ ದಿನ, ಮಣ್ಣು ಮೆತ್ತಗಿರುವಾಗ, ಹೂವಿಗೆ ಮೊದಲು, ಬೇರು ಸಮೇತ. ಕೈಗೆ ಚೀಲ ಕಟ್ಟಿಕೊಂಡು ಕಿತ್ತೆ. ಆದರೂ ಕತ್ತು, ಮೊಣಕೈ ಒಳಭಾಗ ತುರಿಸಿ ತುರಿಸಿ ಕೆಂಪಾಯಿತು. ಕುಡುಗೋಲಲ್ಲಿ ಕೊಯ್ದರೆ ಸುಲಭ, ಆದರೆ ಬುಡದಿಂದ ಒಂದಕ್ಕೆ ನಾಲ್ಕಾಗಿ ಕವಲೊಡೆದು ಬರುತ್ತದೆ. ಆಗ ಯಾರೋ ಉಪ್ಪಿನ ವಿಷಯ ಹೇಳಿದರು. ನೂರು ಲೀಟರ್ ನೀರಿಗೆ ಹದಿನೈದಿಪ್ಪತ್ತು ಕಿಲೋ ಉಪ್ಪು ಕದಡಿ ಸಿಂಪಡಿಸಿದರೆ ಗಿಡ ಸುಟ್ಟು ಹೋಗುತ್ತದೆ, ವಿಷ ಅಲ್ಲ, ಖರ್ಚಿಲ್ಲ. ಮಾತು ಸುಳ್ಳಲ್ಲ. ರಸ್ತೆ ಬದಿಗೆ, ಪಾಳು ನಿವೇಶನಕ್ಕೆ ಹೇಳಿದ ಮದ್ದು ಅದು. ಕಲ್ಲುಪ್ಪು ತಂದು ಬೆನ್ನಿಗೆ ಪಂಪು ಕಟ್ಟಿ ಅರ್ಧ ಎಕರೆಗೆ ಹೊಡೆದೆ.

ಬೆಳಗ್ಗೆ ಎದ್ದು ನೋಡುತ್ತೇನೆ, ಕೆಂಚ ಕಾಂಗ್ರೆಸ್ ಗಿಡದ ಒಂದೊಂದು ಎಲೆಯನ್ನೂ ಶ್ರದ್ಧೆಯಿಂದ ನೆಕ್ಕುತ್ತ ನಿಂತಿದ್ದಾನೆ! ಬೆವರುವ ಪ್ರಾಣಿ, ಉಪ್ಪೆಂದರೆ ಪ್ರಾಣ. ನೆಕ್ಕುತ್ತ ನೆಕ್ಕುತ್ತ ಒಂದೆರಡು ಕುಡಿಯನ್ನು ಕಚ್ಚಿಯೂ ಇದ್ದ. ಮಧ್ಯಾಹ್ನದ ಹೊತ್ತಿಗೆ ತುಟಿ ಊದಿ, ಬಾಯಿಂದ ಜೊಲ್ಲು ಸುರಿಯತೊಡಗಿತು. ಪಶುವೈದ್ಯರು ಬಂದು ತುಟಿ ಮಡಿಚಿ ಒಳಗಿನ ಹುಣ್ಣು ತೋರಿಸಿದರು. ಗುಲಾಬಿ ಬಣ್ಣದ ಒಸಡಿನ ಮೇಲೆ ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳು. “ತಿನ್ನಲ್ಲ ಅಂತಿತ್ತು ಪಾಪ. ನೀವು ಉಪ್ಪು ಹಾಕಿ, ಹದ ಮಾಡಿ ಬಡಿಸಿದಿರಿ. ಒಗ್ಗರಣೆ ಒಂದು ಬಾಕಿ” ಅಂದರು. ಕೈ ತೊಳೆಯುತ್ತ ಇನ್ನೊಂದು ಮಾತು ಹೇಳಿದರು. ಕಳೆನಾಶಕ ಹೊಡೆದರೂ ಇದೇ ಫಜೀತಿ. ಗಿಡ ಬಾಡುವಾಗ ಎಷ್ಟೋ ಕಳೆಗಳ ಕಹಿ ಕಡಿಮೆಯಾಗುತ್ತದೆ, ಹಸಿಯಾಗಿದ್ದಾಗ ಮೂಸದ ಕುದುರೆ ಬಾಡಿದ್ದನ್ನು ತಿನ್ನುತ್ತದೆ. ಗಿಡ ಪೂರಾ ಒಣಗಿ ಮಣ್ಣಾಗುವವರೆಗೆ ಬೇರೆ ಕಡೆ ಕಟ್ಟಿ.

ಟೂ ಫೋರ್ ಡಿ ಎಂಬ ಕಳೆನಾಶಕ ಹೊಡೆದರೆ ಅಗಲ ಎಲೆಯ ಗಿಡ ಸಾಯುತ್ತದೆ, ಹುಲ್ಲು ಉಳಿಯುತ್ತದೆ. ಮೇವಿನ ನೆಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಂಗಡಿಯವನು ಬಾಟಲಿಯನ್ನು ಮೇಜಿನ ಮೇಲೆ ಇಟ್ಟೂ ಬಿಟ್ಟಿದ್ದ. ಆದರೆ ಬದುವಿನ ಆಚೆ ದೊಡ್ಡವ್ವನ ರಾಗಿ, ರಾಗಿಯ ನಡುನಡುವೆ ಅವರೆ ಸಾಲು. ಅವರೆಯದೂ ಅಗಲ ಎಲೆಯೇ. ಆಷಾಢದ ಗಾಳಿ ಬೇರೆ. ಸೊನೆ ಅವರೆಕಾಯಿ ಕಾಲದಲ್ಲಿ ಅವಳ ಬಾಯಿಗೆ ಸಿಗುವುದಕ್ಕಿಂತ ಕಾಂಗ್ರೆಸ್ಸೇ ವಾಸಿ ಅನ್ನಿಸಿ ಬಾಟಲಿ ವಾಪಸು ಕೊಟ್ಟೆ.

ಆ ಹೊತ್ತಿಗೆ ಒಬ್ಬ ಗುರು ಸಿಕ್ಕರು. ಒಂದು ಆಯುಷ್ಯವೆಲ್ಲ ಕುದುರೆ ಮಾಲೀಸಿನಲ್ಲೇ ಕಳೆದ ಹಳೆಯ ಸೈಸು, ಎಪ್ಪತ್ತೈದು ದಾಟಿದ ಸಾಬರು. ಕೆಂಚನನ್ನು ನೋಡಲೆಂದು ಬಂದವರು ಕೆಂಚನನ್ನು ಬಿಟ್ಟು ನೆಲ ನೋಡಿದರು.

“ಹಸು ಹೆಂಗೆ ಮೇಯ್ತದೆ ಸಾರ್? ನಾಲಿಗೆ ಸುತ್ತಿ ಕಿತ್ಕತದೆ. ಒಂದು ಬೆರಳು ಉಳೀತದೆ. ಕುದುರೇಗೆ ಮೇಲೂ ಹಲ್ಲು, ಕೆಳಗೂ ಹಲ್ಲು. ಅದು ಕ್ಷೌರ ಮಾಡ್ತದೆ.”

ನಾನು ಆವರೆಗೆ ಗಮನಿಸಿರಲಿಲ್ಲ. ಅವತ್ತು ಬೆಳ್ಳಿಯ ಮುಂದೆ ಕೂತು ನೋಡಿದೆ. ಮೇಲ್ದುಟಿ ಬೆರಳಿನಂತೆ ಆಡುತ್ತದೆ, ಹುಲ್ಲನ್ನು ಬೇರ್ಪಡಿಸುತ್ತದೆ, ಬೇಡದ ಕಡ್ಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಆಮೇಲೆ ಹಲ್ಲು ಮಣ್ಣಿಗೆ ತಾಗುವ ಹಾಗೆ ಒಂದು ಕತ್ತರಿ. ಕರ್, ಕರ್, ಕರ್. ಒಂದು ಹೆಜ್ಜೆ ಮುಂದೆ. ಮತ್ತೆ ಕರ್, ಕರ್. ಹಸುವಿನ ಹಾಗೆ ಮೇದು ಮಲಗಿ ಮೆಲುಕು ಹಾಕುವ ಪುರುಸೊತ್ತು ಅದಕ್ಕಿಲ್ಲ. ಹೊಟ್ಟೆ ಚಿಕ್ಕದು, ದಿನದ ಹದಿನಾಲ್ಕು ಹದಿನಾರು ಗಂಟೆ ಇದೇ ಕೆಲಸ.

ಸಾಬರು ಇನ್ನೊಂದನ್ನೂ ತೋರಿಸಿದರು. ಹೊಲದಲ್ಲಿ ಕೆಲವು ಕಡೆ ಹಜಾಮರ ಯಂತ್ರ ಆಡಿಸಿದ ಹಾಗೆ ನುಣ್ಣಗಿತ್ತು, ಕೆಲವು ಕಡೆ ಮೊಣಕಾಲೆತ್ತರ ಕಸ ಬೆಳೆದಿತ್ತು. ಕುದುರೆ ಲದ್ದಿ ಹಾಕುವ ಜಾಗದಲ್ಲಿ ಮೇಯುವುದಿಲ್ಲ, ಮೇಯುವ ಜಾಗದಲ್ಲಿ ಲದ್ದಿ ಹಾಕುವುದಿಲ್ಲ. ಹಿಂದೆ ಹೋಗಿ, ಮೂಸಿ, ತಿರುಗಿ ನಿಂತು, ಅದೇ ಜಾಗಕ್ಕೆ ಹಾಕುತ್ತದೆ. ನಮ್ಮ ಮನೆಯ ಮೊಮ್ಮಕ್ಕಳಿಗೆ ಇನ್ನೂ ಬರದ ಶಿಸ್ತು. ಆದರೆ ಈ ಮಡಿವಂತಿಕೆಯಿಂದ ಹೊಲದ ಅರ್ಧ ಭಾಗ ಗೊಬ್ಬರ ತಿಂದು ಕಳೆ ಸಾಕುತ್ತದೆ, ಉಳಿದರ್ಧ ಗೊಬ್ಬರವಿಲ್ಲದೆ ಬೋಳಾಗುತ್ತದೆ. ಮದ್ದು ಸುಲಭ, ಮಾಡುವುದು ಕಷ್ಟ. ದಿನಾ ಲದ್ದಿ ಬಾಚು. ಹೊಲವನ್ನು ಮೂರು ಪಾಲು ಮಾಡು, ಒಂದರಲ್ಲಿ ಮೇಯಿಸು, ಎರಡಕ್ಕೆ ಬಿಡುವು ಕೊಡು. ಕುದುರೆ ಬಿಟ್ಟ ಜಾಗಕ್ಕೆ ಹಸು ಬಿಡು. ಕುದುರೆಯ ಲದ್ದಿಗೆ ಹಸು ಅಷ್ಟು ಹೇಸುವುದಿಲ್ಲ, ಕುದುರೆಯ ಹೊಟ್ಟೆಹುಳ ಬಹುಮಟ್ಟಿಗೆ ಹಸುವಿಗೆ ಅಂಟುವುದೂ ಇಲ್ಲ.

“ಅದೆಲ್ಲ ಸರಿ ಸಾಬ್ರೇ, ಬೋಳು ಬಿದ್ದಲ್ಲಿ ಏನು ನೆಡೋದು?”

“ಗರಿಕೆ.”

ನಾನು ಅಪ್ಪನ ಫೋಟೋ ಇರುವ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಓದಿದೆ. ಅಮೆರಿಕದ ಜಾರ್ಜಿಯಾದಲ್ಲಿ, ಟಿಫ್ಟನ್ ಎಂಬ ಊರಿನಲ್ಲಿ, ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಇದೇ ಗರಿಕೆಯ ಮೇಲೆ ಆಯುಷ್ಯ ಸವೆಸಿದ್ದಾರೆ. ಅಲ್ಲಿಯೂ ಅದು ಹತ್ತಿ ಬೆಳೆಗಾರರ ಶತ್ರು. ಹತ್ತಿ ಹೊಲದಲ್ಲಿ ಸಿಕ್ಕ ಒಂದು ಒಳ್ಳೆಯ ತಳಿಯನ್ನು ದಕ್ಷಿಣ ಆಫ್ರಿಕಾದಿಂದ ಬಂದ ಇನ್ನೊಂದರ ಜೊತೆ ಕೂಡಿಸಿ 1943ರಲ್ಲಿ ಕೋಸ್ಟಲ್ ಎಂಬ ಮೇವಿನ ತಳಿ ಕೊಟ್ಟರು. ಇಂದಿಗೂ ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಕುದುರೆಗೆ ಹಾಕುವ ಒಣಹುಲ್ಲೆಂದರೆ ಬಹಳಷ್ಟು ಈ ಬಳಗದ್ದೇ, ಬರ್ಮುಡಾ ಹುಲ್ಲೆಂಬ ಹೆಸರಿನಲ್ಲಿ. ಅದೇ ಬರ್ಟನ್ನರ ಸಜ್ಜೆಯ ಒಂದು ತಳಿಯಿಂದಲೇ 1965ರಲ್ಲಿ ನಮ್ಮ ದೇಶದ ಮೊದಲ ಹೈಬ್ರಿಡ್ ಸಜ್ಜೆ ಹುಟ್ಟಿದ್ದು. ಉತ್ತರ ಕರ್ನಾಟಕದ ಸಜ್ಜೆ ರೊಟ್ಟಿಗೂ ನನ್ನ ಗೋಣಿಚೀಲದ ಗರಿಕೆಗೂ ಹೀಗೊಂದು ದೂರದ ನೆಂಟಸ್ತಿಕೆ. ಅಪ್ಪನಿಗೆ ಹೇಳಿದ್ದರೆ, “ಅಮೆರಿಕದೋರಿಗೆ ಗರಿಕೆ ಬೇಕಾದ್ರೆ ಬಂದು ನಮ್ಮ ಹೊಲ್ದಾಗೆ ಕಿತ್ಕೊಂಡು ಹೋಗ್ಲಿ” ಅನ್ನುತ್ತಿದ್ದ.

ಗರಿಕೆ ನೆಡುವ ಮೊದಲು ಬದು ಚೊಕ್ಕ ಮಾಡಬೇಕಿತ್ತು. ಬದುವಿನ ಮೇಲೆ ಗಿಜಿಗಿಜಿ ಕಾಯಿಯ ಗಿಡ ಬೆಳೆದಿತ್ತು. ಒಣಗಿದ ಕಾಯಿಯೊಳಗೆ ಬೀಜ ಗೆಜ್ಜೆಯಂತೆ ಸದ್ದು ಮಾಡುತ್ತದೆ, ಚಿಕ್ಕವರಿದ್ದಾಗ ಕಾಲಿಗೆ ಕಟ್ಟಿ ಕುಣಿದಿದ್ದೇವೆ. ಆ ಬಳಗದ ಹಲವು ಗಿಡಗಳು ಕುದುರೆಯ ಈಲಿಯನ್ನು ತಿಂಗಳುಗಟ್ಟಲೆ ಸದ್ದಿಲ್ಲದೆ ಕೆಡಿಸುತ್ತವೆ, ತಿಂದದ್ದು ಮರೆತು ಹೋದ ಮೇಲೆ ಕಾಯಿಲೆ ಕಾಣಿಸುತ್ತದೆ. ಇಂಗ್ಲೆಂಡಿನವರಿಗೆ ಇದೇ ಜಾತಿಯ ವಿಷದ ರಾಗ್‌ವರ್ಟ್ ಎಂಬ ಹಳದಿ ಹೂವಿನ ಗಿಡವಿದೆ. ಹೆಸರಿನಲ್ಲಿ ರಾಗಿ ಕೇಳಿಸಿದರೂ ಸಂಬಂಧವಿಲ್ಲ. ಅದೊಂದಕ್ಕೇ ಅವರು 2003ರಲ್ಲಿ ಒಂದು ಕಾಯ್ದೆ ಮಾಡಿಕೊಂಡಿದ್ದಾರೆ. ನಾನು ಕಾಯ್ದೆಗೆ ಕಾಯದೆ ಗುದ್ದಲಿ ಹಿಡಿದೆ.

ಬದುವಿನ ಇನ್ನೊಂದು ತುದಿಯಲ್ಲಿ ಸುಬಾಬುಲ್. ಅದನ್ನು ಹಾಕಿದವನು ನಾನೇ, ಮೇವಿಗೆ ಕಲ್ಪವೃಕ್ಷವೆಂದು ಎಲ್ಲರೂ ಸಸಿ ಹಂಚುತ್ತಿದ್ದ ಕಾಲದಲ್ಲಿ. ಬೆಳ್ಳಿಗೆ ಅದರ ಸೊಪ್ಪು ಬಲು ರುಚಿ. ಒಂದು ದಿನ ಜೂಲು ಬಾಚುತ್ತಿದ್ದೆ, ಕೂದಲು ಹಿಡಿ ಹಿಡಿಯಾಗಿ ಬಾಚಣಿಗೆಗೆ ಬಂತು. ಬಾಲವೂ ಪೊರಕೆಯಾಗಿತ್ತು. ಸುಬಾಬುಲ್‌ನಲ್ಲಿ ಮಿಮೋಸಿನ್ ಎನ್ನುವ ಒಂದು ವಸ್ತುವಿದೆ, ಕುದುರೆಯ ಜೂಲು ಬಾಲ ಉದುರಿಸುವುದು ಅದರ ಕಸುಬು. ಮಲೆನಾಡಿನ ಮುಟ್ಟಿದರೆ ಮುನಿಯಲ್ಲೂ ಇದೇ ಇದೆ. ನನ್ನ ತಲೆಯೂ ನುಣ್ಣಗಾಗಿರುವುದನ್ನು ಕಂಡು ಅಕ್ಕನ ಮಗ, “ಮಾವ, ನೀವೂ ಸೊಪ್ಪು ತಿಂತೀರಾ?” ಅಂದ. ಮರ ಕಡಿಸಿದೆ. ಬುಡ ಈಗಲೂ ಚಿಗುರುತ್ತಿದೆ.

ಇನ್ನು ಜೇಕು. ಅದರ ವಿಷಯ ಹೆಚ್ಚು ಹೇಳಲಾರೆ, ಅದು ಗೆದ್ದಿದೆ. ನೆಲದೊಳಗೆ ಗಡ್ಡೆಗೆ ಗಡ್ಡೆ ಸರಪಣಿ ಕಟ್ಟಿಕೊಂಡಿರುತ್ತದೆ. ಮೇಲೆ ಎಳೆದರೆ ಸರಪಣಿ ತುಂಡಾಗಿ, ಅಲ್ಲಿಯವರೆಗೆ ಮಲಗಿದ್ದ ಗಡ್ಡೆಗಳೂ ಎದ್ದು ಕೂರುತ್ತವೆ. ಹಂದಿಗಳು ಇದನ್ನು ಅಗೆದು ತಿನ್ನುವುದನ್ನು ಕಾಳಿದಾಸನೂ ಬಲ್ಲ. ನಮ್ಮಲ್ಲಿ ಗುಡ್ಡದ ಕಾಡುಹಂದಿ ಒಂದು ರಾತ್ರಿ ಬಂದು ಅರ್ಧ ಗುಂಟೆ ಉತ್ತು ಹೋಯಿತು. ಜೇಕಿನ ಜೊತೆಗೆ ಬೇಲಿಯೂ ಹೋಯಿತು.

ಕಾಂಗ್ರೆಸ್ಸಿಗೆ ಮಾತ್ರ ಒಬ್ಬ ಬಂಟ ಸಿಕ್ಕಿದ್ದ. ಎರಡನೆಯ ಮುಂಗಾರಿನಲ್ಲಿ ಗಿಡದ ಕುಡಿಗಳು ಜರಡಿಯಾಗಿದ್ದವು. ಎಲೆ ತಿರುವಿದರೆ, ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೀರುಗಳ, ಹೆಸರುಕಾಳಿನಷ್ಟು ದೊಡ್ಡ ಒಂದು ದುಂಬಿ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ವಂಶ. ಮರಿಯೂ ತಿನ್ನುತ್ತದೆ, ತಾಯಿಯೂ ತಿನ್ನುತ್ತದೆ, ಕಾಂಗ್ರೆಸ್ ಬಿಟ್ಟರೆ ಬೇರೆ ಊಟ ಬೇಡ. ಮಳೆಗಾಲ ಮುಗಿದರೆ ಮಣ್ಣಿನೊಳಗೆ ಹೊಕ್ಕು ಮಲಗಿ, ಮುಂದಿನ ಮಳೆಗೆ ಏಳುತ್ತದೆ. ಹಿಂದೆ ಪಾಪಾಸ್ಕಳ್ಳಿ ನಮ್ಮ ಸೀಮೆಯ ಗೋಮಾಳಗಳನ್ನೆಲ್ಲ ನುಂಗಿದ್ದಾಗ ಇಂಥದೇ ಒಂದು ಹುಳ ಬಂದಿತ್ತು. 1926ರಲ್ಲಿ ಸಿಲೋನಿನಿಂದ ತಂದ ಬಿಳಿ ಹಿಟ್ಟಿನಂಥ ಹುಳ ಕೆಲವೇ ವರ್ಷಗಳಲ್ಲಿ ಕಳ್ಳಿಯನ್ನು ಕರಗಿಸಿಬಿಟ್ಟಿತು. ಮೆಕ್ಸಿಕೋದ ದುಂಬಿಗೆ ಅಷ್ಟು ವೇಗವಿಲ್ಲ. ಮಳೆ ನಿಂತ ವರ್ಷ ಅದೂ ನಿಲ್ಲುತ್ತದೆ. ಆದರೆ ದುಂಬಿ ಕಡಿದು ಬಡವಾದ ಗಿಡವನ್ನು ಪಕ್ಕದಿಂದ ಗರಿಕೆ ಒತ್ತಿದರೆ ಅದು ಮೇಲೇಳುವುದು ಕಷ್ಟ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪನವರು ಕಾಂಗ್ರೆಸ್ಸಿನ ಎದುರಿಗೆ ತಗಚೆಯ ಬಳಗದ ಒಂದು ಗಿಡವನ್ನು ಬೆಳೆಸಿ ಒತ್ತಿಸುವ ಉಪಾಯವನ್ನು ವರ್ಷಗಟ್ಟಲೆ ಸಾರಿದರು. ರಸ್ತೆಬದಿಗೆ ಒಳ್ಳೆಯ ಉಪಾಯ. ತಗಚೆ ಬಳಗದಲ್ಲಿ ಕುದುರೆಗೆ ಆಗದವು ಇವೆಯಾದ್ದರಿಂದ ನಾನು ಆ ಕೆಲಸಕ್ಕೆ ಗರಿಕೆಯನ್ನೇ ನೇಮಿಸಿದೆ.

ಮೂರು ವರ್ಷವಾಯಿತು. ಎರಡು ಪಾಲಿನಲ್ಲಿ ಗರಿಕೆ ಚಾಪೆ ಹಾಸಿದೆ. ಮೂರನೆಯದರಲ್ಲಿ ಕಾಂಗ್ರೆಸ್ ಇನ್ನೂ ಇದೆ, ಬಹುಮತ ಮಾತ್ರ ಇಲ್ಲ. ದೊಡ್ಡವ್ವ ಈಗ ನಗುವುದನ್ನು ಬಿಟ್ಟು ಜಗಳಕ್ಕೆ ಬರುತ್ತಾಳೆ. ನನ್ನ ಗರಿಕೆ ಬದು ದಾಟಿ ಅವಳ ರಾಗಿಗೆ ಇಳಿಯುತ್ತಿದೆ. ಅವಳು ಕಿತ್ತು ನನ್ನ ಕಡೆ ಎಸೆಯುತ್ತಾಳೆ, ನಾನು ಎತ್ತಿ ಬೋಳು ಬಿದ್ದಲ್ಲಿ ನೆಡುತ್ತೇನೆ. ಅಲ್ಲಿಗೆ ನಮ್ಮಿಬ್ಬರ ವ್ಯವಹಾರ ಸಮ. ಕಳೆ ಕೀಳುವಾಗ ಮಡಿಲಿಗೆ ಹಾಕಿಕೊಂಡ ಅಣ್ಣೆಸೊಪ್ಪು, ಕನ್ನೆಸೊಪ್ಪು, ಗಣಿಕೆಸೊಪ್ಪಿನಲ್ಲಿ ಒಂದು ಹಿಡಿ ನನ್ನಾಕೆಗೂ ಕೊಟ್ಟು ಹೋಗುತ್ತಾಳೆ. ಬೆರಕೆ ಸೊಪ್ಪಿನ ಸಾರು ಉಣ್ಣುವ ದಿನ ನಮ್ಮ ಮನೆಯಲ್ಲಿ ಕಳೆಯ ಬಗ್ಗೆ ಕೆಟ್ಟ ಮಾತು ಆಡುವುದಿಲ್ಲ.

ಈ ಸಲದ ಚೌತಿಯ ಹಿಂದಿನ ಸಂಜೆ ದೊಡ್ಡವ್ವ ಬದುವಿನ ಮೇಲೆ ಬಂದು ನಿಂತಳು. ಗಣಪನಿಗೆ ಇಪ್ಪತ್ತೊಂದು ಗರಿಕೆ ಬೇಕು. ಅವಳ ಹೊಲದಲ್ಲಿ ಮೊನ್ನೆಯಷ್ಟೇ ಕುಂಟೆ ಹೊಡೆಸಿ ಒಂದೆಳೆ ಬಿಡದೆ ಕೀಳಿಸಿದ್ದಳು. “ನಿಂದ್ರಲ್ಲಿ ಎಕರೆಗಟ್ಲೆ ಐತಲ್ಲ ಮಗ, ಕಿತ್ಕಳ್ಲಾ?”

“ಎಷ್ಟು ಬೇಕಾದ್ರೂ ಕಿತ್ಕೋ ದೊಡ್ಡವ್ವ” ಅಂದೆ, ಉದಾರವಾಗಿ.

ಅವಳು ಬಗ್ಗಿಕೊಂಡು ಹೊಲದ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ನಾನೂ ಹಿಂದೆ ಹೋದೆ. ಪೂಜೆಯ ಗರಿಕೆಗೆ ಬೆರಳುದ್ದವಾದರೂ ಕುಡಿ ಇರಬೇಕು, ತುದಿ ಮುಕ್ಕಾಗಿರಬಾರದು. ಕೆಂಚ ಬೆಳ್ಳಿ ಇಬ್ಬರೂ ಸೇರಿ ಎರಡು ಎಕರೆಗೂ ಕ್ಷೌರ ಮಾಡಿ ಮುಗಿಸಿದ್ದರು. ಉಗುರಿನಷ್ಟು ಉದ್ದದ ಒಂದು ಕುಡಿ ಸಿಗಲಿಲ್ಲ. ಮೂಲೆಯಲ್ಲಿ ಮಾತ್ರ, ಹಬ್ಬದ ಗಡಿಬಿಡಿಯಲ್ಲಿ ನಾನು ವಾರದಿಂದ ಬಾಚದೆ ಬಿಟ್ಟಿದ್ದ ಲದ್ದಿಯ ಸುತ್ತ, ಗೇಣುದ್ದದ ಗರಿಕೆ ಹಚ್ಚಗೆ, ಕಪ್ಪಗೆ, ತುದಿ ಮುರಿಯದೆ ನಿಂತಿತ್ತು.

ದೊಡ್ಡವ್ವ ಲದ್ದಿ ನೋಡಿದಳು, ಗರಿಕೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ, ಒಂದೊಂದೇ ಎಣಿಸುತ್ತ ಇಪ್ಪತ್ತೊಂದು ಕಿತ್ತಳು. ಕುದುರೆಯ ನೀರಿನ ತೊಟ್ಟಿಯಲ್ಲಿ ಮೂರು ಸಲ ಅದ್ದಿ ತೊಳೆದು, ಸೆರಗಿನಲ್ಲಿ ಸುತ್ತಿಕೊಂಡು ಹೊರಟವಳು, ಬದು ಹತ್ತಿ ತಿರುಗಿ ನಿಂತಳು.

“ನೀನೂ ಬಾಯಿ ಬಿಡಬ್ಯಾಡ, ನಾನೂ ಬಿಡಕ್ಕಿಲ್ಲ. ಗಣಪಂಗೂ ಇಲಿ ಐತೆ, ಅವ್ನಿಗೇನು ಗೊತ್ತಿರಾಕಿಲ್ವಾ?”